ತಕರಾರು: ‘ಮತ್ತೆ ಹೇಳು’ ಎಂಬುದು ಜಗಳವಾದ ದಾರಿ

ಪ್ರಶ್ನೆ: ಉರ್ದು ಕಲಿಯಲು ಶುರುಮಾಡಿದ್ದೇನೆ. ‘ತಕ್ರಾರ್’ ಎಂಬ ಪದಕ್ಕೆ ಉರ್ದು ಕೋಶದಲ್ಲಿ ‘ಪುನರಾವರ್ತನೆ’, ‘ಜಗಳ’ ಎಂಬ ಎರಡೂ ಅರ್ಥ ಕೊಟ್ಟಿದ್ದಾರೆ. ಇರಾನಿನ ಪಾರಸಿ ಪಾಠದಲ್ಲಿ ಪುನರಾವರ್ತನೆ ಮಾತ್ರ ಕಾಣುತ್ತದೆ. ನಮ್ಮ ತಹಶೀಲ್ದಾರ್ ಕಚೇರಿಯಲ್ಲಿ ‘ತಕರಾರು ಅರ್ಜಿ’ ಅಂದರೆ ಆಕ್ಷೇಪಣೆ. ಇವೆಲ್ಲ ಒಂದೇ ಪದವೇ? ಅರಬ್ಬಿಯಲ್ಲಿ ಮೂಲ ಅರ್ಥ ಏನು? ‘ಕರಾರು’ ಮುರಿದರೆ ‘ತಕರಾರು’ ಆಗುತ್ತದೆ, ಎರಡೂ ಒಂದೇ ಬೇರಿನವು ಎಂದು ಒಬ್ಬರು ಹೇಳಿದರು. ಸರಿಯೇ?

ಉತ್ತರ: ಮೊದಲ ಪ್ರಶ್ನೆಗೆ ಹೌದು, ಕೊನೆಯದಕ್ಕೆ ಅಲ್ಲ. ತಕರಾರು, ಉರ್ದುವಿನ ತಕ್ರಾರ್, ಪಾರಸಿಯ ತೆಕ್ರಾರ್ ಮೂರೂ ಒಂದೇ ಅರಬ್ಬಿ ಪದ. ಆ ಅರಬ್ಬಿ ಪದಕ್ಕೆ ಜಗಳ ಎಂಬ ಅರ್ಥವಿಲ್ಲ, ಆಕ್ಷೇಪಣೆ ಎಂಬ ಅರ್ಥವೂ ಇಲ್ಲ. ಕರಾರು ಬೇರೆ ಬೇರಿನಿಂದ ಬಂದದ್ದು. ಎರಡೂ ಒಂದೇ ಮನೆಯವರಂತೆ ಕಾಣುವುದಕ್ಕೆ ಕನ್ನಡ ಲಿಪಿ ಕಾರಣ. ಅದನ್ನು ಆಮೇಲೆ ನೋಡೋಣ, ಮೊದಲು ಬೇರಿನ ಅರ್ಥ.

ಅರಬ್ಬಿ ಪದಗಳು ಸಾಮಾನ್ಯವಾಗಿ ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟುತ್ತವೆ. ಇಲ್ಲಿನ ಧಾತು ಕ–ರ–ರ. ಸರಳ ಕ್ರಿಯಾಪದ ‘ಕರ್ರ’. ಅದರ ಅರ್ಥ ತಿರುಗಿ ಬಂದ, ತಿರುಗಿ ಮೇಲೆ ಬಿದ್ದ. ಹಳೆಯ ಅರಬರ ಕಾಳಗದ ರೀತಿಯೇ ಈ ಮಾತಿನಲ್ಲಿದೆ. ಕುದುರೆ ಸವಾರರು ನುಗ್ಗಿ ಹೊಡೆದು, ಚದುರಿ ಹಿಂದೆ ಸರಿದು, ಮತ್ತೆ ನುಗ್ಗುತ್ತಿದ್ದರು. ನುಗ್ಗುವುದು ‘ಕರ್ರ್’, ಹಿಂದೆ ಓಡುವುದು ‘ಫರ್ರ್’. 6ನೇ ಶತಮಾನದ ಕವಿ ಇಮ್ರುಉಲ್ ಖೈಸ್ ತನ್ನ ಕುದುರೆಯನ್ನು ಹೊಗಳುವಾಗ ‘ಮಿಕರ್ರ್, ಮಿಫರ್ರ್’ ಎಂಬ ಎರಡು ವಿಶೇಷಣಗಳನ್ನು ಜೋಡಿಸಿ ಹೇಳುತ್ತಾನೆ. ಒಂದೇ ಉಸಿರಿಗೆ ಮುನ್ನುಗ್ಗಬಲ್ಲದ್ದು, ಹಿಂದಿರುಗಬಲ್ಲದ್ದು ಎಂದರ್ಥ. ಇವತ್ತಿಗೂ ಅರಬ್ಬಿ ಪತ್ರಿಕೆಗಳು ಪೊಲೀಸರಿಗೂ ಪ್ರತಿಭಟನಕಾರರಿಗೂ ಬೀದಿಯಲ್ಲಿ ನಡೆಯುವ ಹಿಂದುಮುಂದಿನ ಓಟಕ್ಕೆ ‘ಕರ್ರ್ ವ ಫರ್ರ್’ ಎಂದೇ ಬರೆಯುತ್ತವೆ.

ಇಲ್ಲೊಂದು ಸ್ವಾರಸ್ಯ ಇದೆ. ಈ ಜೋಡಿಯ ಎರಡೂ ಪದಗಳ ಸಂತಾನ ಕನ್ನಡದಲ್ಲಿ ಬದುಕಿದೆ. ‘ಕರ್ರ್’ ಕಡೆಯಿಂದ ತಕರಾರು. ‘ಫರ್ರ್’ ಕಡೆಯಿಂದ ಅರಬ್ಬಿಯ ‘ಫಿರಾರ್’, ಅದೇ ಪಾರಸಿಯಲ್ಲಿ ‘ಫರಾರ್’, ಓಡಿಹೋದವನು ‘ಫರಾರಿ’, ನಮ್ಮಲ್ಲಿ ‘ಆರೋಪಿ ಪರಾರಿ’. ಮರುಭೂಮಿಯ ಕುದುರೆಯ ಎರಡು ಗುಣಗಳು ನಮ್ಮ ಕಂದಾಯ ಕಚೇರಿಗೊಂದು, ಪೊಲೀಸ್ ಠಾಣೆಗೊಂದು ಹಂಚಿಹೋಗಿವೆ.

ಕುರಾನಿನಲ್ಲಿ ಈ ಧಾತು 6 ಕಡೆ ಬರುತ್ತದೆ. ಅವುಗಳಲ್ಲಿ ಐದು ಕಡೆ ‘ಕರ್ರಃ’, ಅಂದರೆ ಮರಳುವಿಕೆ ಅಥವಾ ಇನ್ನೊಂದು ಸರದಿ. 67ನೇ ಅಧ್ಯಾಯದ 4ನೇ ವಾಕ್ಯದಲ್ಲಿ ಅದರ ದ್ವಿವಚನ ‘ಕರ್ರತೈನ್’ ಇದೆ: ಆಕಾಶದ ಕಡೆ ಕಣ್ಣನ್ನು ಮತ್ತೆ ಮತ್ತೆ ತಿರುಗಿಸಿ ನೋಡು, ಬಿರುಕು ಕಾಣುತ್ತದೆಯೇ ಎಂಬ ಸಂದರ್ಭ. ತಕ್ರಾರ್ ಎಂಬ ರೂಪ ಕುರಾನಿನಲ್ಲಿ ಬರುವುದಿಲ್ಲ. ಅದು ವ್ಯಾಕರಣದವರು, ಅಲಂಕಾರಶಾಸ್ತ್ರದವರು ಹೆಚ್ಚಾಗಿ ಬಳಸಿದ ರೂಪ.

ತಕ್ರಾರ್ ಹುಟ್ಟುವುದು ಹೀಗೆ. ಧಾತುವಿನ ನಡುವಿನ ವ್ಯಂಜನವನ್ನು ಇಮ್ಮಡಿಸಿದರೆ ‘ಕರ್ರರ’ ಎಂಬ ಕ್ರಿಯಾಪದವಾಗುತ್ತದೆ. ಅರ್ಥ ‘ಮತ್ತೆ ಮತ್ತೆ ಮಾಡಿದ’. ಈ ಬಗೆಯ ಕ್ರಿಯಾಪದಕ್ಕೆ ನಿಯಮದಂತೆ ಬರುವ ಭಾವನಾಮ ‘ತಕ್ರೀರ್’. ಅದರ ಪಕ್ಕದಲ್ಲೇ, ಕೆಲಸ ಬಹಳ ಸಲ ನಡೆಯಿತು ಎಂದು ಒತ್ತಿ ಹೇಳುವ ‘ತಫ್‌ಆಲ್’ ಅಚ್ಚಿನಲ್ಲಿ ‘ತಕ್ರಾರ್’. ಹಳೆಯ ವೈಯಾಕರಣರ ಪ್ರಕಾರ ಮೊದಲ ಸ್ವರ ‘ಅ’ ಆಗಿರಲೇಬೇಕು. ‘ತಿಬ್ಯಾನ್’, ‘ತಿಲ್ಕಾ’ ಮುಂತಾದ ಕೆಲವೇ ಪದಗಳಿಗೆ ‘ಇ’ ಸಲ್ಲುತ್ತದೆ. ಇಂದಿನ ಅರಬರಲ್ಲಿ ಅನೇಕರು ‘ತಿಕ್ರಾರ್’ ಅನ್ನುತ್ತಾರೆ. ಕೇಳಿದರೆ ಅದು ಬೇರೆ ಪದವೆಂದು ತಿಳಿಯಬೇಡಿ.

ಅರಬ್ಬಿಯಲ್ಲಿ ಈ ಪದಕ್ಕೆ ಕೆಟ್ಟ ವಾಸನೆ ಇಲ್ಲ. ಅಲಂಕಾರಶಾಸ್ತ್ರದಲ್ಲಿ ತಕ್ರಾರ್ ಒಂದು ಸೊಬಗು. ಕುರಾನಿನ 55ನೇ ಅಧ್ಯಾಯದಲ್ಲಿ ‘ನಿಮ್ಮ ಪ್ರಭುವಿನ ಯಾವ ಅನುಗ್ರಹವನ್ನು ಅಲ್ಲಗಳೆಯುವಿರಿ’ ಎಂಬ ಸಾಲು 31 ಸಲ ಬರುತ್ತದೆ. ತಕ್ರಾರ್ ಪಾಠ ಮಾಡುವವರು ಮೊದಲು ತೋರಿಸುವ ಉದಾಹರಣೆ ಇದೇ. ‘ತಕ್ರೀರ್’ ಎಂಬ ಜೋಡಿ ರೂಪ ಬೇರೆ ಕೆಲಸಗಳಿಗೆ ಹೋಯಿತು. ಕುರಾನ್ ಪಠಣದ ಶಾಸ್ತ್ರದಲ್ಲಿ ‘ರ’ಕಾರ ಹೇಳುವಾಗ ನಾಲಿಗೆ ತುದಿ ಅದುರುವ ಗುಣಕ್ಕೆ ತಕ್ರೀರ್ ಎಂದು ಹೆಸರು, ಆ ಅದುರು ಅತಿಯಾಗಬಾರದೆಂದು ಗುರುಗಳು ತಿದ್ದುತ್ತಾರೆ. ಆಧುನಿಕ ಅರಬ್ಬಿಯಲ್ಲಿ ಕಚ್ಚಾ ತೈಲವನ್ನು ಶುದ್ಧಿಮಾಡುವುದೂ ತಕ್ರೀರ್, ಏಕೆಂದರೆ ಅದನ್ನು ಮತ್ತೆ ಮತ್ತೆ ಸೋಸಬೇಕು. ಕೊಲ್ಲಿಯಲ್ಲಿ ತೈಲ ಶುದ್ಧೀಕರಣ ಘಟಕದಲ್ಲಿ ದುಡಿಯುವ ಕನ್ನಡಿಗರು ಈ ಪದವನ್ನು ಫಲಕಗಳ ಮೇಲೆ ನೋಡಿಯೇ ಇರುತ್ತಾರೆ.

ಇನ್ನು ಪಾರಸಿ. ಪಾರಸಿಗೆ ಅರಬ್ಬಿಯಿಂದ ಸಾವಿರಾರು ಪದಗಳು ಬಂದವು, ಆದರೆ ಬಂದ ರೀತಿಗೆ ಒಂದು ಶಿಸ್ತು ಇತ್ತು. ‘ಕರ್ರರ’ ಎಂಬ ಕ್ರಿಯಾಪದವನ್ನು ಪಾರಸಿ ತೆಗೆದುಕೊಳ್ಳಲಿಲ್ಲ. ನಾಮಪದವಾದ ತಕ್ರಾರನ್ನೂ ಕೃದಂತವಾದ ‘ಮುಕರ್ರರ್’ ಅನ್ನೂ ತೆಗೆದುಕೊಂಡು, ಮುಂದೆ ತನ್ನದೇ ‘ಕರ್ದನ್’, ಅಂದರೆ ‘ಮಾಡು’, ಸೇರಿಸಿತು: ‘ತಕ್ರಾರ್ ಕರ್ದನ್’. ಉರ್ದು ಅದೇ ಅಚ್ಚಿನಲ್ಲಿ ‘ತಕ್ರಾರ್ ಕರ್‌ನಾ’ ಅಂದಿತು. ತುರ್ಕಿ ‘ತೆಕ್ರಾರ್ ಎತ್ಮೆಕ್’ ಅಂದಿತು. ನಾವು ‘ತಕರಾರು ಮಾಡು’ ಅಂದೆವು. ಪರಭಾಷೆಯ ನಾಮಪದಕ್ಕೆ ‘ಮಾಡು’ ಹಚ್ಚಿ ಒಳಗೆ ಬಿಟ್ಟುಕೊಳ್ಳುವುದು ಕನ್ನಡಕ್ಕೂ ಸಹಜವೇ ಆದ್ದರಿಂದ ಪದಕ್ಕೆ ಇಲ್ಲಿ ಏನೂ ತೊಡಕಾಗಲಿಲ್ಲ.

ಅರ್ಥದ ಮಟ್ಟಿಗೆ ಪಾರಸಿ ಅರಬ್ಬಿಗೆ ನಿಷ್ಠೆಯಿಂದ ಉಳಿಯಿತು. ಇರಾನಿನ ಟಿ.ವಿ.ಯಲ್ಲಿ ಮರುಪ್ರಸಾರವಾಗುವ ಕಾರ್ಯಕ್ರಮಕ್ಕೆ ‘ತೆಕ್ರಾರ್’ ಎಂದು ಹಾಕುತ್ತಾರೆ, ಹಳಸಲು ಮಾತಿಗೆ ‘ತೆಕ್ರಾರಿ’ ಅನ್ನುತ್ತಾರೆ. ‘ತ’ ಹೋಗಿ ‘ತೆ’ ಆದದ್ದು ಇಂದಿನ ಇರಾನಿನ ಉಚ್ಚಾರ. ಭಾರತಕ್ಕೆ ಬಂದ ಪಾರಸಿ ಹಳೆಯ ‘ಅ’ಕಾರವನ್ನು ಉಳಿಸಿಕೊಂಡಿತ್ತು, ಅದಕ್ಕೇ ಉರ್ದುವಿನಲ್ಲೂ ಕನ್ನಡದಲ್ಲೂ ‘ತ’. ತುರ್ಕಿಯಲ್ಲಿ ಪದ ಇನ್ನೂ ಸವೆದು, ‘ತೆಕ್ರಾರ್’ ಪುನರಾವರ್ತನೆಯ ಜೊತೆಗೆ ‘ಮತ್ತೆ’ ಎಂಬ ಅವ್ಯಯವೂ ಆಗಿದೆ.

ಪಾರಸಿ ತನ್ನ ಕೈಚಳಕ ತೋರಿದ್ದು ಬೇರೆ ಪದದಲ್ಲಿ. ಅರಬ್ಬಿಯ ‘ಕರ್ರ್ ವ ಫರ್ರ್’ ಪಾರಸಿಯಲ್ಲಿ ‘ಕರ್ರ್ ಓ ಫರ್ರ್’ ಆದಾಗ ದಾಳಿ ಮತ್ತು ಹಿಂಜರಿತದ ಜೊತೆಗೆ ವೈಭವ, ಠೀವಿ ಎಂಬ ಅರ್ಥವನ್ನೂ ಹೊತ್ತಿತು. ಉರ್ದುವಿನಲ್ಲಿ ಉಳಿದದ್ದು ಬಹುತೇಕ ಠೀವಿಯೇ. ‘ಬಡೇ ಕರ್ರ್ ಓ ಫರ್ರ್ ಸೇ’ ಎಂದರೆ ಭಾರಿ ದರ್ಬಾರಿನಿಂದ. ಈ ಉರ್ದು ಅರ್ಥವನ್ನು ಅರಬರ ಮುಂದೆ ಬಳಸಿದರೆ ಅವರಿಗೆ ಬೀದಿ ಕಾಳಗ ಕಣ್ಮುಂದೆ ಬರುತ್ತದೆ.

ಜಗಳದ ಅರ್ಥ ಗಟ್ಟಿಯಾಗಿ ಬೇರೂರಿದ್ದು ಭಾರತದ ನೆಲದಲ್ಲಿ, ಉರ್ದು–ಹಿಂದಿಯಲ್ಲಿ. 1884ರಲ್ಲಿ ಪ್ರಕಟವಾದ ಪ್ಲಾಟ್ಸ್ ಅವರ ಉರ್ದು ಕೋಶದಲ್ಲಿ ಪುನರುಕ್ತಿ, ವಾಗ್ವಾದ, ಜಗಳ ಎಲ್ಲವೂ ಒಂದೇ ನಮೂದಿನಡಿ ಕುಳಿತಿವೆ. ಪುನರಾವರ್ತನೆಯಿಂದ ಜಗಳಕ್ಕೆ ಹೇಗೆ ದಾಟಿತು ಎಂದು ಕೇಳುವವರಿಗೆ ಕನ್ನಡದಲ್ಲೇ ಉತ್ತರ ಇದೆ: ‘ಮರುಮಾತು’. ಮರು ಎಂದರೆ ಮತ್ತೆ, ತಿರುಗಿ. ಆದರೆ ‘ಮರುಮಾತಿಲ್ಲದೆ ಒಪ್ಪಿದ’ ಅಂದಾಗ ಮರುಮಾತು ಆಕ್ಷೇಪಣೆಯೇ. ‘ತಿರುಗಿ ಮಾತಾಡಬೇಡ’ ಎಂದು ಮಕ್ಕಳನ್ನು ಗದರಿಸುವಾಗಲೂ ಅದೇ. ಒಬ್ಬರು ಹೇಳಿದ ಮಾತು ಅಲ್ಲಿಗೇ ನಿಲ್ಲದೆ ಮತ್ತೊಬ್ಬರ ಬಾಯಿಂದ ಮರಳಿ ಬಂದರೆ ಅದು ವಾದ, ಅದೇ ಮೂರು ಸಲ ಓಡಾಡಿದರೆ ಜಗಳ. ಧಾತುವಿನ ಮೂಲದಲ್ಲೇ ‘ತಿರುಗಿ ಮೇಲೆ ಬೀಳುವುದು’ ಇತ್ತೆಂಬುದು ನಿಜ. ಆದರೆ ಆ ಹಳೆಯ ಯುದ್ಧದ ಅರ್ಥವೇ ಉರ್ದುವಿನಲ್ಲಿ ಮರುಹುಟ್ಟು ಪಡೆಯಿತು ಎಂದು ನಂಬಬೇಡಿ. ನಡುವಿನ ಪಾರಸಿಯಲ್ಲಿ ಆ ಕೊಂಡಿ ಇಲ್ಲ. ಉರ್ದು ಮಾತಾಡುವವರು ಅರಬ್ಬಿ ಧಾತುವನ್ನು ನೆನೆದು ಅರ್ಥ ಕಟ್ಟಿದವರಲ್ಲ, ಪುನರುಕ್ತಿಯಿಂದಲೇ ಮುಂದೆ ನಡೆದವರು.

ಎರಡು ಅರ್ಥಗಳ ನಡುವಿನ ಹೊಸ್ತಿಲಿನಂತಿರುವ ಒಂದು ಬಳಕೆ ಭಾರತದ ಮದರಸಾಗಳಲ್ಲಿದೆ. ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳು ಗುಂಪಾಗಿ ಕುಳಿತು, ಒಬ್ಬ ಪಾಠವನ್ನು ಮತ್ತೆ ಒಪ್ಪಿಸಿ, ಉಳಿದವರು ಪ್ರಶ್ನೆ ಹಾಕಿ ತಿದ್ದುವ ಅಭ್ಯಾಸಕ್ಕೆ ‘ತಕ್ರಾರ್’ ಎಂದೇ ಹೆಸರು. ಅದು ಪುನರಾವರ್ತನೆಯೂ ಹೌದು, ವಾದವೂ ಹೌದು.

ಉರ್ದು ಓದುವಾಗ ಯಾವ ಅರ್ಥ ಹಿಡಿಯಬೇಕು? ವಿಭಕ್ತಿ ಪ್ರತ್ಯಯ ನೋಡಿ. ‘ಲಫ್ಜ಼ೋಂ ಕೀ ತಕ್ರಾರ್’, ಪದಗಳ ತಕ್ರಾರ್: ‘ಕೀ’ ಇದ್ದು, ಅದರ ಹಿಂದಿರುವುದು ಮತ್ತೆ ಮತ್ತೆ ಬರಬಹುದಾದ ವಸ್ತುವಾದರೆ ಪುನರಾವರ್ತನೆ. ‘ಉಸ್ ಸೇ ತಕ್ರಾರ್’, ‘ಇಸ್ ಬಾತ್ ಪರ್ ತಕ್ರಾರ್’: ‘ಸೇ’ ಅಥವಾ ‘ಪರ್’ ಬಂದರೆ ಜಗಳ. ‘ಬಹಸ್ ಓ ತಕ್ರಾರ್’ ಎಂದು ಜೋಡಿಯಾಗಿ ಬಂದರೆ ನಿಸ್ಸಂಶಯವಾಗಿ ವಾಗ್ವಾದ. ಸಾಹಿತ್ಯ ವಿಮರ್ಶೆಯಲ್ಲಿ ಬಂದರೆ ಬಹುಮಟ್ಟಿಗೆ ಪುನರಾವರ್ತನೆ. ಉರ್ದುವಿನಲ್ಲಿ ಪದ ಸ್ತ್ರೀಲಿಂಗ ಎಂಬುದನ್ನೂ ನೆನಪಿಡಿ: ‘ತಕ್ರಾರ್ ಹುಯೀ’. ಅರಬ್ಬಿಯಲ್ಲಿ ಅದು ಪುಲ್ಲಿಂಗ, ಪಾರಸಿಯಲ್ಲಿ ಲಿಂಗವೇ ಇಲ್ಲ. ಅರಬ್ಬಿ ಬಲ್ಲವರು ಉರ್ದು ಬರೆಯುವಾಗ ಎಡವುವ ಜಾಗ ಇದು.

ಉರ್ದುವಿನಿಂದಾಚೆ ಪದ ಹರಡಿದ ಚಿತ್ರ ಇನ್ನೂ ಸೊಗಸು. ಗುಜರಾತಿಯ ‘ತಕರಾರ್’ ಜಗಳ. ಮರಾಠಿಯ ‘ತಕ್ರಾರ್’ ದೂರು, ಅಲ್ಲಿ ದೂರುದಾರರಿಗೆ ‘ತಕ್ರಾರ್‌ದಾರ್’ ಎಂಬುದು ಇವತ್ತಿನ ಸರ್ಕಾರಿ ಪದ. ಕನ್ನಡದಲ್ಲಿ ಮುಖ್ಯವಾಗಿ ಆಕ್ಷೇಪಣೆ: ‘ನಮ್ಮದೇನೂ ತಕರಾರಿಲ್ಲ’, ‘ತಕರಾರು ತೆಗೆದ’. ಜಗಳದ ನೆರಳು ‘ತಂಟೆ ತಕರಾರು’ ಎಂಬ ಜೋಡಿಯಲ್ಲಿ ಉಳಿದಿದೆ. ತಮಿಳಿನ ‘ತಗರಾರು’ ಜಗಳ, ಗಲಾಟೆ. ಮಲಯಾಳದ ‘ತಗರಾರ್’ ಯಂತ್ರ ಕೆಡುವುದು, ದೋಷ. ಅಲ್ಲಿನ ಪತ್ರಿಕೆಯಲ್ಲಿ ವಿಮಾನಕ್ಕೆ ‘ತಾಂತ್ರಿಕ ತಗರಾರ್’ ಆಯಿತೆಂದು ಬಂದರೆ ಯಾರೂ ಆಕ್ಷೇಪಣೆ ಎತ್ತಿಲ್ಲ, ಯಂತ್ರ ಕೈಕೊಟ್ಟಿದೆ ಅಷ್ಟೇ. ಮಲಯಾಳದಿಂದ ಕನ್ನಡಕ್ಕೆ ಅನುವಾದ ಮಾಡುವವರು, ಅದರಲ್ಲೂ ಎರಡೂ ಭಾಷೆ ಬೆರೆತ ಕಾಸರಗೋಡಿನಂಥ ಕಡೆ, ಪದ ಪರಿಚಿತ ಎಂದು ಹಾಗೇ ಎತ್ತಿ ಇಟ್ಟರೆ ಅರ್ಥ ಕೆಡುತ್ತದೆ. ಅಲ್ಲಿ ಕನ್ನಡಕ್ಕೆ ‘ದೋಷ’, ‘ತೊಂದರೆ’ ಸರಿ.

ಕನ್ನಡಕ್ಕೆ ಈ ಪದ ಒಂದೇ ಬಾಗಿಲಿನಿಂದ ಬಂದದ್ದಲ್ಲ. 1347ರಲ್ಲಿ ಶುರುವಾದ ಬಹಮನಿ ರಾಜ್ಯ, ಅದರ ನಂತರ 1686ರವರೆಗೆ ಬಿಜಾಪುರದ ಆದಿಲ್‌ಶಾಹಿ, ಮೈಸೂರಿನಲ್ಲಿ ಹೈದರ್ ಮತ್ತು ಟಿಪ್ಪು ಕಾಲದ ಪಾರಸಿ ದಫ್ತರ, ಉತ್ತರದಲ್ಲಿ ಮರಾಠಿ ಲೆಕ್ಕಪತ್ರ, 1948ರವರೆಗೆ ಹೈದರಾಬಾದ್ ಸಂಸ್ಥಾನದ ಬೀದರ, ಕಲಬುರಗಿ, ರಾಯಚೂರುಗಳಲ್ಲಿ ಉರ್ದು ಆಡಳಿತ, ಇವೆಲ್ಲ ಕಂದಾಯದ ಮಾತನ್ನು ಕನ್ನಡಕ್ಕೆ ಸುರಿದವು. ಖಾತೆ ಬದಲಾವಣೆಗೆ ಅಡ್ಡಿ ಹೇಳುವ ಕಾಗದಕ್ಕೆ ‘ತಕರಾರು ಅರ್ಜಿ’ ಎಂಬ ಹೆಸರು ಗಟ್ಟಿಯಾಗಿ ನಿಂತದ್ದು ಈ ಕಚೇರಿಗಳ ಬಳುವಳಿ. ಪದದ ಮೈಯಲ್ಲಿ ಆದ ಬದಲಾವಣೆ ಎರಡು: ‘ಕ್ರ’ ಒಡೆದು ‘ಕರ’ ಆಯಿತು, ಕೊನೆಗೆ ‘ಉ’ ಸೇರಿತು. ದರಬಾರು, ಬಜಾರು, ದಸ್ತಾವೇಜುಗಳಿಗೆ ಸೇರಿದ ‘ಉ’ಕಾರವೇ ಇಲ್ಲಿಯೂ.

ಈಗ ಕರಾರಿನ ವಿಷಯ. ಅರಬ್ಬಿಯಲ್ಲಿ ಎರಡು ಬೇರೆ ಬೇರೆ ಅಕ್ಷರಗಳಿವೆ. ಒಂದು ನಮ್ಮ ಕಕಾರದಂತಿರುವ ‘ಕಾಫ್’. ಇನ್ನೊಂದು ಕಿರುನಾಲಿಗೆಯ ಬಳಿ, ಗಂಟಲಾಳದಿಂದ ಹೊರಡುವ ಕಕಾರ. ಅದನ್ನು ಇಲ್ಲಿ ‘ದೊಡ್ಡ ಕಾಫ್’ ಅನ್ನೋಣ. ಉರ್ದು ಬಲ್ಲವರು ಅದರ ಮೇಲಿನ ಎರಡು ಚುಕ್ಕಿಯಿಂದ ಗುರುತಿಸುತ್ತಾರೆ. ತಕ್ರಾರ್‌ನಲ್ಲಿ ಇರುವುದು ಮೊದಲನೆಯದು. ಕರಾರಿನಲ್ಲಿ ಇರುವುದು ದೊಡ್ಡ ಕಾಫ್; ಆ ಧಾತುವಿನ ಅರ್ಥ ನೆಲೆ ನಿಲ್ಲು, ಸ್ಥಿರವಾಗು. ಕರಾರು ಎಂದರೆ ಗಟ್ಟಿಯಾದ ಒಪ್ಪಂದ, ಇಕರಾರು ಎಂದರೆ ಒಪ್ಪಿಕೊಳ್ಳುವುದು, ‘ಬೇಕರಾರ್’ ಎಂದರೆ ನೆಮ್ಮದಿ ಇಲ್ಲದವನು. ‘ಕರಾರುವಾಕ್ಕು’ ಎಂಬ ಪದವನ್ನೂ ಇದರ ಜೊತೆಗೇ ಇಡಬೇಕು. ಉರ್ದುವಿನ ‘ಕರಾರ್ ವಾಕಿಈ’ ಎಂಬ ನುಡಿಗಟ್ಟಿಗೆ ಹೇಗಿರಬೇಕೋ ಹಾಗೆ ಎಂಬ ಅರ್ಥವಿದೆ. ಅದರ ‘ವಾಕ್ಕು’ವಿನಲ್ಲಿ ಸಂಸ್ಕೃತದ ವಾಕ್ ಹುಡುಕುವುದು ತಪ್ಪುದಾರಿ. ಒಟ್ಟಿನಲ್ಲಿ ‘ತ’ ಎಂಬ ನಿಷೇಧ ಸೇರಿ ಕರಾರು ತಕರಾರಾಯಿತು ಎಂಬುದು ನಿಲ್ಲುವುದಿಲ್ಲ. ಅರಬ್ಬಿಯಲ್ಲಿ ‘ತ’ ನಿಷೇಧಾರ್ಥಕವೇ ಅಲ್ಲ.

ಕನ್ನಡ ಲಿಪಿಯಲ್ಲಿ ಎರಡಕ್ಕೂ ಒಂದೇ ‘ಕ’ ಆದ್ದರಿಂದ ಗೊಂದಲ ಸಹಜ. ಅದನ್ನು ಬಿಡಿಸಲು ಅರಬ್ಬಿ ಕಲಿಯಬೇಕಾಗಿಲ್ಲ, ಎರಡು ಪರೀಕ್ಷೆ ಸಾಕು. ಒಂದು, ದಖ್ಖನಿ, ಅಂದರೆ ದಖ್ಖನ್ ಕಡೆಯ ಉರ್ದು, ಮಾತಾಡುವವರ ಬಾಯಿ ಕೇಳಿ. ದಖ್ಖನಿಯಲ್ಲಿ ದೊಡ್ಡ ಕಾಫ್ ‘ಖ’ ಆಗುತ್ತದೆ. ಕಲಬುರಗಿ, ಬೀದರ, ಬೆಂಗಳೂರಿನ ದಖ್ಖನಿ ಮನೆಗಳಲ್ಲಿ ‘ಖರಾರ್’, ‘ಖಿಸ್ಮತ್’ ಕೇಳುತ್ತೀರಿ, ಆದರೆ ‘ತಕ್ರಾರ್’ ತಕ್ರಾರ್ ಆಗಿಯೇ ಇರುತ್ತದೆ. ನಾವು ಖಾಯಂ, ಖಾಜಿ ಎಂದು ಬರೆಯುವುದೂ ಈ ದಖ್ಖನಿ ಕಿವಿಯಿಂದಲೇ. ಎರಡು, ತೆಲುಗು ನೋಡಿ. ತೆಲುಗಿನಲ್ಲಿ ಕರಾರಿಗೆ ‘ಖರಾರು’, ತಕರಾರಿಗೆ ‘ತಕರಾರು’. ಕನ್ನಡ ಅಳಿಸಿಹಾಕಿದ ವ್ಯತ್ಯಾಸವನ್ನು ಪಕ್ಕದ ಮನೆ ಜೋಪಾನವಾಗಿ ಇಟ್ಟಿದೆ.

ಈ ಎರಡು ಧಾತುಗಳ ಗೊಂದಲ ತಕರಾರಿಗೇ ನಿಲ್ಲುವುದಿಲ್ಲ. ಕಾಫಿನ ‘ಮುಕರ್ರರ್’ ಎಂದರೆ ಮತ್ತೊಮ್ಮೆ. ಮುಶಾಯಿರಾದಲ್ಲಿ, ಅಂದರೆ ಉರ್ದು ಕವಿಗೋಷ್ಠಿಯಲ್ಲಿ, ಶೇರ್ (ಎರಡು ಸಾಲಿನ ಪದ್ಯ) ಮೆಚ್ಚಿದವರು ‘ಮುಕರ್ರರ್!’ ಎಂದು ಕೂಗಿ ಇನ್ನೊಮ್ಮೆ ಹೇಳಿಸುತ್ತಾರೆ. ದೊಡ್ಡ ಕಾಫಿನ ಮುಕರ್ರರ್ ಎಂದರೆ ನಿಗದಿಯಾದದ್ದು, ನೇಮಕವಾದದ್ದು. ಗಾಲಿಬ್ ತನ್ನೊಂದು ಶೇರ್‌ನಲ್ಲಿ, ಲೋಕದ ಹಲಗೆಯ ಮೇಲೆ ತಾನು ‘ಹರ್ಫ್-ಎ-ಮುಕರ್ರರ್’ ಅಲ್ಲವಲ್ಲ, ಹಾಗಿದ್ದೂ ಕಾಲ ತನ್ನನ್ನೇಕೆ ಅಳಿಸುತ್ತಿದೆ ಎಂದು ಕೇಳುತ್ತಾನೆ. ಅಲ್ಲಿರುವುದು ಕಾಫ್. ಕೈತಪ್ಪಿ ಎರಡು ಸಲ ಬರೆದ ಅಕ್ಷರವನ್ನು ಲಿಪಿಕಾರ ಅಳಿಸುತ್ತಾನಲ್ಲ, ಆ ಚಿತ್ರ. ಕನ್ನಡ ಲಿಪಿಯಲ್ಲಿ ಓದಿ ‘ನಿಗದಿಯಾದ ಅಕ್ಷರ’ ಎಂದುಕೊಂಡರೆ ಶೇರ್‌ನ ಜೀವವೇ ಹೋಯಿತು. ‘ತಕ್ರೀರ್’ ಕೂಡ ಹೀಗೆಯೇ. ದೊಡ್ಡ ಕಾಫಿನದು ಅರಬ್ಬಿಯಲ್ಲಿ ವರದಿ, ಉರ್ದುವಿನಲ್ಲಿ ಭಾಷಣ. ಅದಕ್ಕೂ ಮೇಲೆ ಹೇಳಿದ ‘ರ’ಕಾರದ ತಕ್ರೀರ್‌ಗೂ ನಂಟಿಲ್ಲ.

ಬಳಕೆಯ ಎಚ್ಚರಿಕೆ ಒಂದೆರಡು. ಕೊಲ್ಲಿ ದೇಶದಲ್ಲಿದ್ದು ‘ನನಗೆ ತಕರಾರಿದೆ’ ಎನ್ನಬೇಕಾದರೆ ಅರಬ್ಬಿಯಲ್ಲಿ ತಕ್ರಾರ್ ಹೇಳಬೇಡಿ, ಕೇಳಿದವರು ಏನನ್ನೋ ಮತ್ತೆ ಮಾಡಬೇಕೆಂದು ತಿಳಿಯುತ್ತಾರೆ. ಆಕ್ಷೇಪಣೆಗೆ ‘ಇಅತಿರಾದ್’, ದೂರಿಗೆ ‘ಶಕ್ವಾ’, ಜಗಳಕ್ಕೆ ‘ಖಿಸಾಮ್’ ಅಥವಾ ‘ನಿಜ಼ಾಅ’. ‘ಮಿರಾರನ್ ವ ತಕ್ರಾರನ್’ ಎಂದು ಅರಬರು ಅಂದರೆ ‘ಎಷ್ಟು ಸಲ ಹೇಳಿದ್ದೇನೆ’ ಎಂಬ ಧಾಟಿಯ ‘ಪದೇ ಪದೇ’. ತಕರಾರು ಎತ್ತಿದರೆಂದು ಹೆದರಬೇಕಾಗಿಲ್ಲ. ಇರಾನಿನವರ ಜೊತೆ ಜಗಳಕ್ಕೆ ಬೇಕಾದ ಪದ ‘ದಅವಾ’. ಇದು ಅರಬ್ಬಿಯಲ್ಲಿ ಹಕ್ಕಿನ ವಾದ, ನ್ಯಾಯಾಲಯದ ಮೊಕದ್ದಮೆ. ಪಾರಸಿಯಲ್ಲಿ ಅದು ಬೀದಿ ಜಗಳಕ್ಕೆ ಇಳಿಯಿತು, ಕನ್ನಡದಲ್ಲಿ ‘ದಾವೆ’ಯಾಗಿ ಕೋರ್ಟಿನಲ್ಲೇ ಉಳಿಯಿತು. ಒಂದು ಪದ ಪಾರಸಿಯಲ್ಲಿ ಜಗಳವಾದರೆ ಇನ್ನೊಂದು ಉರ್ದುವಿನಲ್ಲಿ ಜಗಳವಾಗಿದೆ. ‘ಇದು ಅರಬ್ಬಿ ಪದ, ಆದ್ದರಿಂದ ಇದೇ ಅರ್ಥ’ ಎಂದು ಒಂದು ಭಾಷೆಯಿಂದ ಇನ್ನೊಂದಕ್ಕೆ ಹಾರುವುದು ಅಪಾಯ ಅನ್ನುವುದಕ್ಕೆ ಇವೆರಡಕ್ಕಿಂತ ಒಳ್ಳೆಯ ಜೋಡಿ ಸಿಗಲಾರದು.

ನೀವೇ ಕೋಶ ತೆರೆದು ನೋಡುವುದಾದರೆ ಕ್ರಮ ಹೀಗಿರಲಿ. ಅರಬ್ಬಿ ಕೋಶದಲ್ಲಿ ‘ತ’ ಅಕ್ಷರದಡಿ ಹುಡುಕಬೇಡಿ, ಅಲ್ಲಿ ಸಿಗುವುದಿಲ್ಲ. ಮೊದಲು ಸೇರ್ಪಡೆಯ ‘ತ’ವನ್ನೂ ದೀರ್ಘ ‘ಆ’ವನ್ನೂ ತೆಗೆದು ಕ–ರ–ರ ಉಳಿಸಿಕೊಳ್ಳಿ. ಹಾನ್ಸ್ ವೆಹ್ರ್ ಅವರ ಕೋಶದಂಥ ಆಧುನಿಕ ಕೋಶದಲ್ಲಿ ಧಾತುವಿನ ಮೊದಲ ಅಕ್ಷರವಾದ ಕಾಫ್ ಹಿಡಿದು ಹೋಗಿ. ಇಬ್ನ್ ಮನ್ಜ಼ೂರ್ 13ನೇ ಶತಮಾನದ ಕೊನೆಯಲ್ಲಿ ಮುಗಿಸಿದ ‘ಲಿಸಾನುಲ್ ಅರಬ್’ ಆದರೆ ಧಾತುವಿನ ಕೊನೆಯ ಅಕ್ಷರದಿಂದ ಶುರುಮಾಡಬೇಕು: ಮೊದಲು ‘ರ’ ಅಧ್ಯಾಯ, ಅದರೊಳಗೆ ‘ಕಾಫ್’ ವಿಭಾಗ. ಪಾರಸಿ, ಉರ್ದು ಕೋಶಗಳು ಪದ ಕಾಣುವ ಹಾಗೆಯೇ ಅಕಾರಾದಿಯಲ್ಲಿ ಜೋಡಿಸುವುದರಿಂದ ಅಲ್ಲಿ ‘ತ’ದಡಿಯಲ್ಲೇ ಸಿಗುತ್ತದೆ. ಹುಡುಕುವಾಗ ‘ತ’ ಆದ ಮೇಲೆ ಬರುವುದು ಯಾವ ಕಾಫ್ ಎಂದು ಅಕ್ಷರ ನೋಡಿ ಖಚಿತಮಾಡಿಕೊಳ್ಳಿ. ದೊಡ್ಡ ಕಾಫ್ ಇದ್ದರೆ ನೀವು ‘ತಕರ್ರುರ್’ ಅಥವಾ ‘ತಕ್ರೀರ್’ ಪುಟಕ್ಕೆ ಹೋಗಿದ್ದೀರಿ. ಅಲ್ಲಿ ನೇಮಕಾತಿ, ಭಾಷಣ ಸಿಗುತ್ತವೆ, ನಿಮ್ಮ ಜಮೀನಿನ ತಕರಾರು ಸಿಗುವುದಿಲ್ಲ.